ದೊಡ್ಡ ಬಾಣದ ಮಾಸ್ತರು

ನನಗಾಗ ಐವತ್ತೆಂಟು. ಇದು ಒಂಬತ್ತು ವರ್ಷದ ಹಿಂದಿನ ಮಾತು. ಮೊದಲ ದಿನ ಆ ಅಂಗಡಿಯ ಕಸ ಹೊಡೆಯಲು ಹೋದಾಗ ಮಾಸ್ತರು ಚಷ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ಕೂತಿದ್ದರು. ಮೂಗಿನ ಎರಡೂ ಬದಿಗೆ ಕುಳಿ ಬಿದ್ದಿದ್ದವು. ಒಂದೊಂದು ಕುಳಿಯಲ್ಲಿ ಒಂದೊಂದು ಜೋಳದ ಕಾಳು ಇಟ್ಟರೆ ಕೆಳಗೆ ಬೀಳುತ್ತಿರಲಿಲ್ಲ. ಅಷ್ಟು ದಪ್ಪ ಗಾಜನ್ನು ಅಷ್ಟು ವರ್ಷ ಹೊತ್ತ ಮೂಗು ಅದು.

"ಏನ್ ನೋಡಾಕತ್ತೀ ಅವ್ವಾ?" ಅಂದರು.

"ನಿಮ್ಮ ಮೂಗಿನ ಮ್ಯಾಲೆ ಜ್ವಾಳ ಬಿತ್ತಬೌದು ನೋಡ್ರಿ" ಅಂದೆ.

ಬೇರೆ ಅಂಗಡಿಯವರಾಗಿದ್ದರೆ ಅವತ್ತೇ ಹೊರಗೆ ಹಾಕುತ್ತಿದ್ದರು. ಇವರು ಚಷ್ಮಾ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಳಿ ಬರಲಿ, ಬಿತ್ತೂಣಂತ" ಅಂದರು.

ಅಂಗಡಿ ಸಿಂಧನೂರಿನ ತಹಶೀಲ್ ಕಚೇರಿಯ ಎದುರಿಗೆ. ಜನರ ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿ ಕಳಿಸಿಕೊಡುವ ಅಂಗಡಿ. ಆ ಸಾಲಿನಲ್ಲಿ ಐದು ಅಂಗಡಿ, ಐದಕ್ಕೂ ನಾನೇ ಕಸ ಹೊಡೆದು ನೀರು ತುಂಬುತ್ತಿದ್ದೆ. ಅದಕ್ಕೂ ಮೊದಲು ಮೂವತ್ತು ವರ್ಷ ದಢೇಸುಗೂರಿನ ಗದ್ದೆಗಳಲ್ಲಿ ನೆಲ್ಲು ಹಚ್ಚಿದೆ. ಬೆನ್ನು ಸೋತಾಗ ಪ್ಯಾಟಿಗೆ ಬಂದೆ. ಕಸ ಹೊಡೆಯಲೂ ಬಗ್ಗಬೇಕು, ಆದರೆ ಕೆಸರಿಲ್ಲ, ಜಿಗಣೆ ಇಲ್ಲ. ನಾನು ಹುಟ್ಟಿದ್ದು ಗುರುಗುಂಟಾ ಕಡೆ. ಸಾಲಿಗೆ ಹೋಗುವ ವಯಸ್ಸಿನಲ್ಲಿ ಆಡು ಕಾಯ್ದೆ. ಸಹಿ ಮಾಡಲು ಬರುತ್ತಿತ್ತು, ಅದೂ ನೋಡಿ ಬರೆದಂತೆ. ಅಷ್ಟೇ ನನ್ನ ವಿದ್ಯೆ.

ಮಾಸ್ತರು ಆರ್.ಎಚ್. ಕ್ಯಾಂಪಿನವರು, ಅದು ನಿರಾಶ್ರಿತರ ಊರು. ಅವರ ಅಪ್ಪ ಅವ್ವ ಬಂಗಾಲದ ಕಡೆಯಿಂದ ಎಲ್ಲ ಬಿಟ್ಟು ಬಂದವರು, ಇವರು ಹುಟ್ಟಿದ್ದು ಇಲ್ಲೇ. ಮೊದಲು ಕ್ಯಾಂಪಿನಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ, ಅದಕ್ಕೇ ಮಾಸ್ತರು. ಕನ್ನಡ ನಮಗಿಂತ ನೆಟ್ಟಗೆ ಆಡುತ್ತಿದ್ದರು. ಎಣಿಸುವಾಗ ಮಾತ್ರ ತಮ್ಮ ಮಾತಿನಲ್ಲಿ ಎಣಿಸುತ್ತಿದ್ದರು, ತುಟಿಯೊಳಗೇ. ಮಧ್ಯಾಹ್ನ ಡಬ್ಬಿಯಲ್ಲಿ ಅನ್ನ, ಮೀನು. ನನಗೆ ಮೀನಿನ ವಾಸನೆ ಆಗುವುದಿಲ್ಲ. "ಆ ಕಡಿ ತಿರುಗಿ ಉಣ್ರಿ" ಅಂದೆ. ತಮ್ಮ ಅಂಗಡಿಯಲ್ಲೇ ಗೋಡೆಗೆ ಮುಖ ಮಾಡಿ ಉಂಡರು. ಅವತ್ತಿನಿಂದ ಕೊನೆಯವರೆಗೂ ಹಾಗೇ ಉಂಡರು. ಎರಡನೇ ವರ್ಷಕ್ಕೆ ವಾಸನೆ ನನಗೆ ರೂಢಿಯಾಗಿತ್ತು. ಹೇಳಲಿಲ್ಲ.

ಅವರ ಕಂಪ್ಯೂಟರುಗಳು ಹಳೆಯವು, ಯಾವುದೋ ಕಾಲೇಜಿನವರು ಬೇಡ ಅಂತ ಹಾಕಿದವು. ಅದರಲ್ಲಿ ಲಿನಕ್ಸ್ ಅನ್ನುವುದನ್ನು ಹಾಕಿ ಎಬ್ಬಿಸಿದ್ದರು. "ಸತ್ತದ್ದನ್ನ ಎಬ್ಬಿಸ್ತೈತಿ ಅವ್ವಾ ಇದು. ಮತ್ತ ಇದರಾಗ ಏನ ಬೇಕಾದ್ರೂ ನಾವ ತಿದ್ದಬೌದು, ಯಾರನ್ನೂ ಕೇಳಬೇಕಿಲ್ಲ" ಅನ್ನುತ್ತಿದ್ದರು. ನನಗೆ ಏನು ತಿಳಿಯಬೇಕು. ಧೂಳು ಒರೆಸುವಾಗ ಹಿಂದಿನ ತಂತಿ ಕೀಳಬಾರದು ಅನ್ನುವುದೊಂದೇ ನನಗೆ ಗೊತ್ತಿದ್ದದ್ದು.

ಮಾಸ್ತರ ಒಂದು ಪದ್ಧತಿ ಆ ಸಾಲಿನಲ್ಲಿ ಯಾರಿಗೂ ಇರಲಿಲ್ಲ. ಅವರ ಮುಂದೆ ಒಂದು ಪರದೆ, ಗಿರಾಕಿಯ ಕಡೆ ಮುಖ ಮಾಡಿದ ಇನ್ನೊಂದು ಪರದೆ. ಇದರಲ್ಲಿ ಕಂಡದ್ದೇ ಅದರಲ್ಲೂ ಕಾಣುತ್ತಿತ್ತು. ಅರ್ಜಿ ತುಂಬಿದ ಮೇಲೆ ಮೌಸ್ ಹಿಡಿದು ಪರದೆಯ ಮೇಲಿನ ಸಣ್ಣ ಬಾಣವನ್ನು ಒಂದೊಂದು ಅಕ್ಷರದ ಕೆಳಗೆ ನಡೆಸುತ್ತ, ದೊಡ್ಡ ದನಿಯಲ್ಲಿ ಓದಿ ಹೇಳುತ್ತಿದ್ದರು. "ಇದು ನಿಮ್ಮ ಹೆಸರು. ಇದು ನಿಮ್ಮ ಯಜಮಾನ್ರ ಹೆಸರು. ಇದು ಊರು. ನೋಡ್ಕೊಳ್ರಿ." ಎದುರಿಗೆ ಕೂತವರಲ್ಲಿ ಓದಲು ಬರುವವರು ಹತ್ತರಲ್ಲಿ ಇಬ್ಬರು. ಆದರೂ ಬಾಣ ನಡೆಯುತ್ತಿತ್ತು. ಆಮೇಲೆ ಮೌಸ್ ಬಿಟ್ಟು, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಕೇಳುತ್ತಿದ್ದರು: "ಒತ್ತಲೇನು?"

ಗಿರಾಕಿ "ಒತ್ರಿ" ಅಂದ ಮೇಲೇ ಕಳಿಸುವ ಗುಂಡಿ ಒತ್ತುವುದು. ತಡ ಆಯಿತು ಅಂತ ಬೈದರೂ ಬಿಡುತ್ತಿರಲಿಲ್ಲ. ಒಬ್ಬ ಗಿರಾಕಿ "ಏ ಒತ್ತೋ ಮಾರಾಯಾ, ನನ್ನೇನ್ ಕೇಳ್ತಿ?" ಅಂದದ್ದಕ್ಕೆ, "ಹೆಸರು ನಿಮ್ಮದು, ಬೆರಳಷ್ಟ ನನ್ನದು" ಅಂದಿದ್ದರು.

ನಾನು ಹತ್ತು ಗಂಟೆಗೆ ಐದು ಅಂಗಡಿಯ ಕೆಲಸ ಮುಗಿಸಿ ಇವರ ಹೊಸ್ತಿಲ ಪಕ್ಕ ಚಹಾ ಕುಡಿಯುತ್ತ ಕೂಡುತ್ತಿದ್ದೆ. ಹೊರಗಿನ ಪರದೆ ನನ್ನ ಕಣ್ಣೆದುರಿಗೇ. ಬಾಣ ಎಲ್ಲಿ ನಿಲ್ಲುತ್ತದೆ, ಬಾಯಿ ಏನನ್ನುತ್ತದೆ. ಮಸ್ಕಿ ಅಂದಾಗ ಬಾಣದ ಮೇಲೆ ಇದ್ದದ್ದು ಮ. ಮಲ್ಲಮ್ಮ ಅಂದಾಗಲೂ ಅದೇ ಮ. ಲಿಂಗಸುಗೂರು ಅಂದಾಗ ಬೇರೆ. ದಿನಾ ಹತ್ತಿಪ್ಪತ್ತು ಅರ್ಜಿ, ಅವೇ ಹೆಸರು, ಅವೇ ಊರು. ನಾನು ಕಲಿಯಬೇಕು ಅಂತ ಕೂತದ್ದಲ್ಲ. ಆಡಿನ ಹಿಂಡಿನಲ್ಲಿ ದಿನಾ ನೋಡಿದರೆ ಯಾವ ಆಡು ಯಾವುದು ಅಂತ ತಿಳಿಯುವುದಿಲ್ಲವೇ, ಹಾಗೆ ತಿಳಿಯಿತು. ಎರಡು ವರ್ಷಕ್ಕೆ ಊರ ಹೆಸರುಗಳು ತಾವಾಗೇ ಬಾಯಿಗೆ ಬಂದವು. ಯಾರಿಗೂ ಹೇಳಲಿಲ್ಲ. ಅರವತ್ತರ ಮುದುಕಿ ಅಕ್ಷರ ಕಲಿತಳು ಅಂದರೆ ನಗುವವರೇ ಜಾಸ್ತಿ.

ಮೂರನೇ ವರ್ಷ ಮಾಸ್ತರು ಮೊಪೆಡ್ ಬಿಟ್ಟು ಬಸ್ಸಿಗೆ ಬರಲು ಶುರು ಮಾಡಿದರು. "ಗಾಡಿ ಕೆಟ್ಟೈತಿ" ಅಂದರು. ಆರು ತಿಂಗಳಾದರೂ ಗಾಡಿ ರಿಪೇರಿ ಆಗಲಿಲ್ಲ. ಚಹಾ ಕಪ್ಪಿಗೆ ಬಗ್ಗಿಸಿದರೆ ಬಸಿಗೆ ಬೀಳುತ್ತಿತ್ತು. ಮೌಸನ್ನು ಗರಗರ ತಿರುಗಿಸುತ್ತಿದ್ದರು, ಬಾಣ ಎಲ್ಲಿ ಹೋಯಿತು ಅಂತ. ಕಳೆದ ಆಡು ಹುಡುಕುವವನು ಗುಡ್ಡದ ಮೇಲೆ ನಿಂತು ಕತ್ತು ತಿರುಗಿಸುವುದಿಲ್ಲವೇ, ಥೇಟ್ ಹಾಗೆ. ಬೆರಳುಗಳು ಮಾತ್ರ ಟೈಪು ಮಾಡುವಾಗ ಮೊದಲಿನಂತೇ ಓಡುತ್ತಿದ್ದವು. ಬೆರಳಿಗೆ ಕಣ್ಣು ಬೇಕಿರಲಿಲ್ಲ. ಬಾಣಕ್ಕೆ ಬೇಕಿತ್ತು.

ಒಂದು ದಿನ ಮಸ್ಕಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ಮುದುಕಿ ಬಂದಳು. ಸಿಂಧನೂರಿನಲ್ಲಿ ಮಗಳ ಮನೆಗೆ ಬಂದವಳು, ವಿಧವಾ ಪಿಂಚಣಿಗೆ ಅರ್ಜಿ ಹಾಕಿಯೇ ಹೋಗುತ್ತೇನೆ ಅಂತ ಕೂತಳು. ಮಣಕಾಲು ಬಾತು ಕುಂಬಳಕಾಯಿ ಆಗಿತ್ತು. ಅವಳ ಊರು ಮೊದಲು ಲಿಂಗಸುಗೂರು ತಾಲೂಕಿನಲ್ಲಿತ್ತು, ಹೊಸದಾಗಿ ಮಸ್ಕಿ ತಾಲೂಕಿಗೆ ಬಂದಿತ್ತು. ಮಾಸ್ತರು ಎಲ್ಲ ತುಂಬಿದರು. ತಾಲೂಕುಗಳ ಪಟ್ಟಿ ತೆರೆದರು, ಒಂದರ ಕೆಳಗೊಂದು ಹೆಸರು. ಬಾಣ ನಡೆಸಿದರು. "ತಾಲೂಕು ಮಸ್ಕಿ" ಅಂತ ಓದಿದರು.

ನಾನು ಹೊರಗಿನ ಪರದೆ ನೋಡುತ್ತಿದ್ದೆ. ಬಾಣ ನಿಂತದ್ದು ಮ ಮೇಲೆ ಅಲ್ಲ. ಒಂದೆರಡು ಗೆರೆ ಮೇಲೆ, ಲ ಮೇಲೆ.

ಇಲ್ಲಿ ನಾನು ಮಾಡಿದ ತಪ್ಪು ಬರೆಯಲೇಬೇಕು. ನನಗೆ ಕಂಡಿತು. ಸುಮ್ಮನೆ ಕೂತೆ. ಮಾಸ್ತರು ಓದಿದ್ದೇ ಖರೆ, ನಾನು ಕಲಿತದ್ದೇ ತಪ್ಪು, ಇಷ್ಟು ದಿನ ಲ ಅನ್ನುವುದನ್ನು ಮ ಅಂತಲೋ ಮ ಅನ್ನುವುದನ್ನು ಲ ಅಂತಲೋ ಓದಿಕೊಂಡಿದ್ದೇನೆ ಅಂದುಕೊಂಡೆ. ಕಸ ಹೊಡೆಯುವವಳು ಮಾಸ್ತರಿಗೆ ತಪ್ಪು ಹೇಳುವುದೇ? ಮಾಸ್ತರು ಅಂಗೈ ಒರೆಸಿಕೊಂಡು "ಒತ್ತಲೇನು?" ಅಂದರು. ಮುದುಕಿ "ಒತ್ತಪಾ, ಪುಣ್ಯಾ ಬರ್ತೈತಿ" ಅಂದಳು. ಒತ್ತಿದರು.

ಎರಡು ತಿಂಗಳ ಮೇಲೆ ಆ ಮುದುಕಿ ಮತ್ತೆ ಬಂದಳು. ಟಂಟಂನಿಂದ ಇಳಿದು ರಸ್ತೆ ದಾಟಲು ಅವಳಿಗೆ ನಾನು ಕೈ ಕೊಡಬೇಕಾಯಿತು. ಮಸ್ಕಿಗೆ ಹೋದರೆ ನಿನ್ನ ಕಾಗದ ನಮಗೆ ಬಂದಿಲ್ಲ ಅಂದರಂತೆ. ಲಿಂಗಸುಗೂರಿಗೆ ಹೋದರೆ ಕಾಗದ ಇದೆ, ಆದರೆ ನಿನ್ನ ಊರು ಈಗ ನಮ್ಮದಲ್ಲ ಅಂದರಂತೆ. ಹೀಗೆ ಅಲ್ಲಿಗೂ ಇಲ್ಲಿಗೂ ಐದು ಸಲ. ಅವರದು ತಪ್ಪಿರಲಿಲ್ಲ. ಕಾಗದದಲ್ಲಿ ಇದ್ದದ್ದನ್ನೇ ಅವರು ಓದಿದ್ದರು.

ಮಾಸ್ತರು ಕಾಗದವನ್ನು ಚಷ್ಮಾಕ್ಕೆ ಅಂಟಿಸಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಸರ್ವರ್ ತಪ್ಪು ಅವ್ವಾ. ಒಮ್ಮೊಮ್ಮೆ ಹಂಗ ಆಕ್ಕೈತಿ. ನಮ್ಮ ಕೈಯಾಗ ಇಲ್ಲ" ಅಂದರು.

ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಗಾಡಿ ಕೆಟ್ಟಿದೆ ಅಂದದ್ದನ್ನು ಬಿಟ್ಟರೆ.

ಮುದುಕಿಯನ್ನು ಪಕ್ಕದ ಚಹಾದಂಗಡಿಯ ಬೆಂಚಿಗೆ ಕೂಡಿಸಿ ಬಂದೆ. ಬಂದು, ಕಸಬರಿಗೆ ಕೈಯಲ್ಲೇ ಇತ್ತು, ಅಂದೆ: "ಮಾಸ್ತರ್ರೀ, ಸರ್ವರ್ ಅಲ್ಲ. ನೀವು."

"ಏನಂತಿ?"

"ಅವತ್ತ ನೀವು ಒತ್ತಿದ್ದು ಲಿಂಗಸುಗೂರು. ಬಾಯಾಗ ಮಸ್ಕಿ ಅಂದ್ರಿ. ಬಾಣ ಲ ಮ್ಯಾಲಿತ್ತು. ನಾ ನೋಡೀನಿ."

ಅವರು ನನ್ನ ಕಡೆ ತಿರುಗಿದರು. ಸಿಟ್ಟು ಬರುತ್ತದೆ ಅಂದುಕೊಂಡೆ. "ನೀ ಓದಿದೇನು?" ಅಂದರು.

"ಓದಿದೆ."

"ನಿನಗ ಓದಾಕ ಬರ್ತೈತೇನು? ಯಾರ್ ಕಲಿಸಿದ್ರು?"

"ನೀವ. ಬಾಣ ಆಡಿಸಿ ಆಡಿಸಿ."

ಆ ಮುಖದ ಮೇಲೆ ಒಂದು ಕ್ಷಣ ಬಂದದ್ದನ್ನು ನಾನು ಇನ್ನೂ ಮರೆತಿಲ್ಲ. ಬೆಳೆ ಬಂದ ಹೊಲ ನೋಡಿದವನ ಮುಖ. ಮರುಕ್ಷಣ ಅದು ಹೋಯಿತು. ಚಷ್ಮಾ ತೆಗೆದು ಮೇಜಿನ ಮೇಲಿಟ್ಟು ಮೂಗಿನ ಕುಳಿ ಒತ್ತಿಕೊಂಡರು.

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನಂದ ತಪ್ಪಿರಬೇಕಂದ್ಕೊಂಡೆ. ನೀವು ಮಾಸ್ತರು."

"ಕಣ್ಣಿನ ನರ ಒಣಗಾಕತ್ತ್ಯಾವು ಅಂದಾರ ದವಾಖಾನ್ಯಾಗ" ಅಂದರು. "ಔಷಧ ಇಲ್ಲಂತ. ಬಾಣ ಎರಡು ವರ್ಷಾತು, ನನಗ ನೆಟ್ಟಗ ಕಾಣವಲ್ದು."

"ಹಂಗಂದ್ರ ಜನಕ್ಕ ಹೇಳ್ರಿ."

"ಹೇಳಿದ್ರ ಯಾರ್ ಬರ್ತಾರ ಅವ್ವಾ? ಕಣ್ಣಿಲ್ಲದವನ ಕೈಯಾಗ ಕಾಗದ ಯಾರ್ ಕೊಡ್ತಾರ? ನನಗ ಈ ಅಂಗಡಿ ಬಿಟ್ರ ಏನೈತಿ?"

"ಹೇಳದಿದ್ರ ಆ ಮುದುಕಿ ಮಣಕಾಲಿಗೇನೈತಿ?"

ಅವರು ಚಷ್ಮಾ ಹಾಕಿಕೊಂಡರು. ಗೋಡೆ ಹಿಡಿದು ಎದ್ದು ಚಹಾದಂಗಡಿಯ ತನಕ ತಾವೇ ಹೋದರು. ಮುದುಕಿಯ ಮುಂದೆ ನಿಂತು, ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನ ಗಿರಾಕಿಗಳಿಗೂ ಕೇಳಿಸುವಂತೆ ಹೇಳಿದರು: "ಅವ್ವಾ, ಸರ್ವರ್ ಅಂದದ್ದು ಸುಳ್ಳು. ತಪ್ಪು ನಂದು. ನನಗ ಕಣ್ಣು ಕಾಣಂಗಿಲ್ಲ."

ಮುದುಕಿ ಬಸಿಯ ಚಹಾ ಪೂರ್ತಿ ಕುಡಿದು ಮುಗಿಸಿದಳು. ಆಮೇಲೆ ಶುರು ಮಾಡಿದಳು. "ಎಲೋ ಎಪ್ಪಾ, ಕಾಣಂಗಿಲ್ಲಂದ್ರ ಮದ್ಲ ಬೊಗಳಬೇಕಿಲ್ಲೇನೋ? ಐದು ಸಲ ಅಡ್ಡಾಡಿಸಿದೆಲ್ಲೋ ನನ್ನ! ನಿನ್ನ ಕಣ್ಣು ಹಾಳಾದ್ರ ಹಾಳಾಗ್ಲಿ, ನನ್ನ ಕಾಲೇನ್ ಮಾಡಿತ್ತು ನಿನಗ?" ಉಸಿರು ತಿರುಗಿಸಿಕೊಂಡು ಕೇಳಿದಳು: "ಏನು ಕಾಣಂಗಿಲ್ಲ ನಿನಗ?"

"ಬಾಣ. ಪರದಿ ಮ್ಯಾಲಿಂದು. ಸಣ್ಣದೈತಿ."

"ಸಣ್ಣದಿದ್ರ ದೊಡ್ಡದು ಮಾಡು! ರೊಟ್ಟಿ ಸಣ್ಣದಾದ್ರ ಇನ್ನೆರಡು ಬಡದು ಅಗಲ ಮಾಡ್ತೀವಿಲ್ಲೇನು? ಇಷ್ಟು ಕಲ್ತೀಯಂತ, ಅಷ್ಟ ಬರೂದಿಲ್ಲೇನು?"

ಬರುತ್ತಿತ್ತು. ಎರಡು ವರ್ಷದಿಂದ ಬರುತ್ತಿತ್ತು. ಮಾಡಿರಲಿಲ್ಲ. ಯಾಕೆಂದರೆ ಹೊರಗಿನ ಪರದೆ. ಬಾಣ ಇಲ್ಲಿ ದೊಡ್ಡದಾದರೆ ಅಲ್ಲಿಯೂ ದೊಡ್ಡದಾಗುತ್ತದೆ. ಬಂದವರೆಲ್ಲ ಇದೇಕೆ ಇಷ್ಟು ದೊಡ್ಡದು ಅಂತ ಕೇಳುತ್ತಾರೆ.

ಅವತ್ತು ಮಾಡಿದರು. ಮುದುಕಿ ಹೊರಗಿನ ಪರದೆಯ ಮುಂದೆ, ನಾನು ಮಾಸ್ತರ ಹೆಗಲ ಹಿಂದೆ. ಇದನ್ನು ಮಾಡಲು ಬಾಣ ಹಿಡಿದು ಹೋಗುವ ದಾರಿಯೂ ಇದೆಯಂತೆ, ಆದರೆ ಬಾಣವೇ ಕಾಣದವರು ಬಾಣ ಹಿಡಿದು ಹೇಗೆ ಹೋಗಬೇಕು? ಬೆರಳಿನಿಂದಲೇ ಒಂದು ಕಡತ ತೆರೆದರು. ಅದರಲ್ಲಿ ಒಂದು ಸಾಲು ಬರೆದರು. ಇಂಗ್ಲಿಷ್ ಅಕ್ಷರ. ನನಗೆ ಅದು ಬಾರದು. "ನೀ ನೋಡಿ ಹೇಳು, ಹೆಂಗ್ಹೆಂಗ ಕಾಣ್ತೈತಿ" ಅಂದರು. ರಂಗೋಲಿ ನೋಡಿದಂತೆ ನೋಡಿ ಹೇಳಿದೆ: ಅಡ್ಡ ಇಟ್ಟ ಎರಡು ಕಟ್ಟಿಗೆ. ಒಡೆದ ಬಳೆ. ಬಟ್ಟಲು. ಮೊಳಕೆ. ಹಾವು. ಇಡೀ ಬಳೆ. ಮತ್ತೆ ಮೊಳಕೆ. ಒಂದು ಚುಕ್ಕಿ. ಹಾವು. ಹಚ್ಚಿದ ದೀಪ. ಕೆಳಗೆ ಗೆರೆ ಎಳೆದ ಏಳು. ನಡುವೆ ಗೆರೆ ಇರುವ ಒಡೆದ ಬಳೆ. ಒಂದರ ಮೇಲೊಂದು ಎರಡು ಚುಕ್ಕಿ. ಆಮೇಲೆ ಅಂಕಿ, ನಲವತ್ತೆಂಟು.

"ಸರಿ ಐತಿ" ಅಂದರು. "ಬಾಣ ದೊಡ್ಡದಾತೇನು?"

"ಇಲ್ರೀ."

ನಲವತ್ತೆಂಟು ಅಳಿಸಿ ತೊಂಬತ್ತಾರು ಮಾಡಿದರು. "ಈಗ?"

"ಹಂಗ ಐತ್ರಿ, ಇರಿವಿ ಇದ್ದಂಗ."

"ನಿನ್ನ ಸುಡ್ಲಿ" ಅಂತ ಮುದುಕಿ ಆ ಕಡೆಯಿಂದ ಅಂದಳು. ಯಾರಿಗೆ ಅಂದಳೋ ಗೊತ್ತಿಲ್ಲ.

ಮಾಸ್ತರು ಹಣೆ ಬಡಿದುಕೊಂಡರು. ಒಮ್ಮೆ ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕಂತೆ, ಅಂದರೆ ಕಂಪ್ಯೂಟರಿನೊಳಗಿಂದ. ಆಗಲೇ ಹೊಸ ಬಾಣ ಬರುವುದು. ಮರೆತಿದ್ದರು. ಹೋಗಿ ಬಂದರು. ಪರದೆ ಕಪ್ಪಾಗಿ ಬೆಳಗಾಯಿತು, ನಡುವೆ ಬಾಣ ಬಂದು ನಿಂತಿತು. ಹೊಲ ಹೂಡುವ ಗಳೆಯ ಕುಳ ಇದ್ದಂತೆ! ಹೆಬ್ಬೆರಳಿಗಿಂತ ದೊಡ್ಡದು, ಬೆಳ್ಳಗೆ, ಕಪ್ಪು ಅಂಚು. ಮುದುಕಿ ಖುರ್ಚಿ ಹಿಂದಕ್ಕೆ ಸರಿಸಿ "ಅಯ್ಯ ನಮ್ಮವ್ವಾ, ಕಣ್ಣಾಗ ಚುಚ್ಚೀತದು!" ಅಂದಳು.

ಮಾಸ್ತರು ಮೌಸ್ ಹಿಡಿದು ಬಾಣವನ್ನು ಈ ಮೂಲೆಯಿಂದ ಆ ಮೂಲೆಗೆ ಒಯ್ದರು. ಮತ್ತೆ ತಂದರು. ಮೊದಲ ಸಲ ಸೈಕಲ್ ಹತ್ತಿದ ಹುಡುಗರು ಬೀದಿಯಲ್ಲಿ ಸುಮ್ಮನೆ ಮೇಲೆ ಕೆಳಗೆ ಹೊಡೆಯುತ್ತಾರಲ್ಲ, ಹಾಗೆ ಹತ್ತು ಸಲ ಒಯ್ದು ತಂದರು. ಅಕ್ಷರ ಮುಚ್ಚುತ್ತದೆ ಅಂತ ಆಮೇಲೆ ಅಂಕಿಯನ್ನು ಅರವತ್ತನಾಲ್ಕಕ್ಕೆ ಇಳಿಸಿದರು. ಮುದುಕಿಯ ಅರ್ಜಿ ಹೊಸದಾಗಿ ತುಂಬಿದರು. ಬಾಣವನ್ನು ಮ ಕೆಳಗೆ ನಿಲ್ಲಿಸಿ ನನ್ನ ಕಡೆ ನೋಡಿದರು.

"ಮಸ್ಕಿ" ಅಂತ ನಾನು ಓದಿದೆ. ಜೋರಾಗಿ ಓದಿದೆ. ನನ್ನ ಜೀವನದಲ್ಲಿ ನಾನು ಬೇರೆಯವರಿಗೆ ಓದಿ ಹೇಳಿದ ಮೊದಲ ಮಾತು ಅದು.

ಮರುದಿನ ಅಂಗಡಿ ಮುಚ್ಚಿ ಮುದುಕಿಯ ಜೊತೆ ತಾವೇ ಬಸ್ಸಿನಲ್ಲಿ ಮಸ್ಕಿಗೆ ಹೋಗಿ ಕಾಗದ ಮುಟ್ಟಿದ್ದನ್ನು ನೋಡಿ ಬಂದರು. ಅವಳು ದಾರಿಯುದ್ದಕ್ಕೂ ಬೈದಳಂತೆ. "ಬೈಗುಳದಾಗ ಒಂದೂ ಎರಡು ಸಲ ಬರಲಿಲ್ಲ ಅವ್ವಾ, ಅಷ್ಟು ನಮೂನಿ" ಅಂತ ಖುಷಿಯಿಂದ ಹೇಳಿದರು. ಪಿಂಚಣಿ ಬಂತು. ಬಂದ ಮೇಲೆ ಒಂದು ಗಂಟು ಶೇಂಗಾ ತಂದು ಮೇಜಿನ ಮೇಲೆ ಕುಕ್ಕಿ ಹೋದಳು.

ಇದರಿಂದ ಎಲ್ಲ ನೆಟ್ಟಗಾಯಿತು ಅಂತ ನಾನು ಬರೆಯುವುದಿಲ್ಲ. ಆಚೆ ಅಂಗಡಿಯವನು "ಕುರುಡನ ಅಂಗಡಿ ಆ ಕಡಿ, ಕಣ್ಣಿರೋ ಅಂಗಡಿ ಈ ಕಡಿ" ಅಂತ ಗಿರಾಕಿ ಕರೆಯುತ್ತಿದ್ದ. ಅರ್ಧ ಜನ ಹೋದರು. ಮಾಸ್ತರು ಬಂದವರಿಗೆಲ್ಲ ಮೊದಲೇ ಹೇಳುತ್ತಿದ್ದರು, "ನನಗ ಸಣ್ಣದು ಕಾಣಂಗಿಲ್ಲ. ನೀವೂ ನೋಡ್ರಿ, ಈ ಅವ್ವನೂ ನೋಡ್ತಾಳ" ಅಂತ. ಉಳಿದವರು ಹೆಚ್ಚಿಗೆ ವಯಸ್ಸಾದವರು. ಬಾಣ ಅವರಿಗೂ ಕಾಣುತ್ತಿತ್ತು. ಅದರ ಹಿಂದೆ ಅವರ ಕಣ್ಣೂ ನಡೆಯುತ್ತಿತ್ತು. ಒಬ್ಬ ಮುದುಕ ತನ್ನ ಹೆಸರಿನ ಕೆಳಗೆ ಬಾಣ ಬಂದಾಗ ಪರದೆಗೆ ಕೈ ಮುಗಿದ.

ಕಸ ಹೊಡೆದ ಮೇಲೆ ನನ್ನ ಕೆಲಸ ಬದಲಾಯಿತು. ಅವರ ಪಕ್ಕ ಸ್ಟೂಲಿನ ಮೇಲೆ ಕೂತು ಬಾಣ ನಿಂತಲ್ಲಿ ಓದುವುದು. ತಪ್ಪಿದರೆ ಮೊಣಕೈಯಿಂದ ತಿವಿಯುತ್ತಿದ್ದೆ. ದಿನಾ ಒಂದು ಗಂಟೆ ಅವರು ನನಗೆ ಕಾಗುಣಿತ ಹೇಳಿಕೊಟ್ಟರು, ಗುಂಡಿಗಳ ಜಾಗವನ್ನೂ ಕಲಿಸಿದರು. ಇಂಗ್ಲಿಷಿನಲ್ಲಿ ಗುಂಡಿಯ ಮೇಲಿನ ಅಕ್ಷರ ಒಂದು ನಮೂನಿ, ಪರದೆಗೆ ಬರುವುದು ಇನ್ನೊಂದು ನಮೂನಿ. ಅದಕ್ಕೇ ಬಾಣ ದೊಡ್ಡದು ಮಾಡುವ ಆ ಒಂದು ಸಾಲನ್ನು ಬೆರಳಿಗೆ ರೂಢಿ ಆಗುವ ತನಕ ನನ್ನಿಂದ ಹೊಡೆಸಿದರು. "ನಾ ಇಲ್ಲದಾಗ ಯಂತ್ರ ಕೆಟ್ರ ಬಾಣ ಮತ್ತ ಸಣ್ಣದಾಕ್ಕೈತಿ. ನಿನಗ ಬರ್ತಿರಬೇಕು" ಅಂದರು. ಮೇಲಿನ ಸಾಲಿನ ಒಂಬತ್ತನೆಯ ಗುಂಡಿ ಒತ್ತಿದರೆ ಆ ಕಡತವೇ ತೆರೆಯುವಂತೆಯೂ ಮಾಡಿಟ್ಟರು. ಕೊನೆಕೊನೆಗೆ ಅರವತ್ತನಾಲ್ಕೂ ಅವರಿಗೆ ಕಾಣದಾಯಿತು. ತೊಂಬತ್ತಾರೂ ಕಾಣದಾಯಿತು. ಆಗ ಮೌಸ್ ನನ್ನ ಕೈಗೆ ಬಂತು, ಗುಂಡಿಗಳು ಅವರ ಕೈಯಲ್ಲಿ ಉಳಿದವು. ಎರಡು ಜನ ಸೇರಿ ಒಂದು ಅರ್ಜಿ. "ಒತ್ತಲೇನು?" ಅನ್ನುವುದನ್ನು ಮಾತ್ರ ಅವರೇ ಕೇಳುತ್ತಿದ್ದರು. ಅದನ್ನು ನನಗೆ ಬಿಟ್ಟುಕೊಡಲಿಲ್ಲ.

ಹೋದ ವರ್ಷ ಸುಗ್ಗಿಯಲ್ಲಿ ತೀರಿಕೊಂಡರು. ಕ್ಯಾಂಪಿನ ಮನೆಯಲ್ಲಿ, ಮುಂಜಾನೆ ಮುಖ ತೊಳೆಯುವಾಗ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಬಸ್ಸು ಹತ್ತಿ ಹೋದೆ. ಚಷ್ಮಾ ತೆಗೆದಿದ್ದರು. ಮೂಗಿನ ಕುಳಿ ಹಾಗೇ ಇದ್ದವು. ಅವರ ಮನೆಯ ಹೆಂಗಸರು ಅತ್ತರು, ನಾನು ಅಳಲಿಲ್ಲ. ನನಗೆ ಅಳು ಜಲ್ದಿ ಬರುವುದಿಲ್ಲ. ಗಂಡ ಸತ್ತಾಗಲೂ ಬರಲಿಲ್ಲ.

ಹದಿನೈದು ದಿನಕ್ಕೆ ಅವರ ತಮ್ಮ ಬಂದು ಅಂಗಡಿ ತೆರೆದ. ಕ್ಯಾಂಪಿನಲ್ಲಿ ಜೆರಾಕ್ಸ್ ಅಂಗಡಿ ನಡೆಸಿದವನು, ಕೆಲಸ ಬಲ್ಲವನು, ಕೆಟ್ಟವನಲ್ಲ. ಕಂಪ್ಯೂಟರ್ ಹಚ್ಚಿದ, ಬಾಣ ನೋಡಿದ.

"ಇದೇನು, ಆಟಿಕಿ ಇದ್ದಂಗ? ಅಣ್ಣಗ ಬೇಕಿತ್ತು. ಈಗ ಯಾರಿಗೆ ಬೇಕು ಇದು?" ಅಂದ. ಕಡತ ತೆರೆದು ಆ ಸಾಲನ್ನೇ ಅಳಿಸಿದ. ಹೊರಗೆ ಹೋಗಿ ಒಳಗೆ ಬಂದ. ಬಾಣ ಇರುವೆ ಆಯಿತು.

ನಾನು ಕಸಬರಿಗೆ ಹಿಡಿದು ನಿಂತಿದ್ದೆ. ನನಗೂ ಅರವತ್ತಾರು ದಾಟಿದೆ. ಎಡಗಣ್ಣಿಗೆ ಮಂಜು ಬಂದಿದೆ. ಹೊರಗಿನ ಪರದೆಯಲ್ಲಿ ಬಾಣ ಎಲ್ಲಿದೆ ಅಂತ ಹುಡುಕಿದೆ, ಸಿಗಲಿಲ್ಲ. ಅವತ್ತು ಬಂದ ಒಬ್ಬ ಮುದುಕಿ ತನ್ನ ಹೆಸರು ಎಲ್ಲಿದೆ ಅಂತ ಮೂರು ಸಲ ಕೇಳಿದಳು. ಅವನು ಮೂರು ಸಲವೂ "ಇಲ್ಲೇ ಐತಲ್ಲಬೇ" ಅಂದ. ಅವಳಿಗೆ ಕಾಣದೇನೇ ಗುಂಡಿ ಒತ್ತಿದ. ಕೇಳಲಿಲ್ಲ.

ಮರುದಿನ ಮುಂಜಾನೆ ಅವನು ಬರುವುದಕ್ಕೆ ಒಂದು ತಾಸು ಮೊದಲೇ ಹೋದೆ. ಕೀಲಿ ನನ್ನ ಹತ್ತಿರ ಮೊದಲಿನಿಂದಲೂ ಇತ್ತು. ಶಟರ್ ಎತ್ತಿದೆ, ಕಂಪ್ಯೂಟರ್ ಹಚ್ಚಿದೆ, ಮಾಸ್ತರ ಖುರ್ಚಿಯಲ್ಲಿ ಕೂತೆ. ಒಂಬತ್ತನೆಯ ಗುಂಡಿ ಒತ್ತಿ ಕಡತ ತೆರೆದು ಒಂದೊಂದೇ ಹೊಡೆದೆ: ಅಡ್ಡ ಕಟ್ಟಿಗೆ, ಒಡೆದ ಬಳೆ, ಬಟ್ಟಲು, ಮೊಳಕೆ, ಹಾವು, ಇಡೀ ಬಳೆ, ಮೊಳಕೆ, ಚುಕ್ಕಿ, ಹಾವು, ದೀಪ, ಗೆರೆ ಎಳೆದ ಏಳು, ಗೆರೆ ಇರುವ ಬಳೆ, ಎರಡು ಚುಕ್ಕಿ, ಅರವತ್ತನಾಲ್ಕು. ಎರಡು ಸಲ ನೋಡಿದೆ. ಅಂಗೈ ಸೀರೆಗೆ ಒರೆಸಿಕೊಂಡೆ. ಒತ್ತಲೇನು ಅಂತ ಕೇಳಲು ಯಾರೂ ಇರಲಿಲ್ಲ. ಉಳಿಸುವ ಗುಂಡಿ ಒತ್ತಿದೆ. ಹೊರಗೆ ಹೋಗಿ ಒಳಗೆ ಬಂದೆ. ಬಾಣ ಬಂದು ನಡುವೆ ನಿಂತಿತು. ಆಮೇಲೆ ಎದ್ದು ಕಸ ಹೊಡೆದೆ.